ಒಂಬತ್ತು ಸಾವಿರದ ಆರುನೂರು ಚಿಲ್ಲರೆ

ತೆಮುಕೊ ಬಸ್ ನಿಲ್ದಾಣದ ಮೂರನೇ ಕಿಟಕಿಯಲ್ಲಿ
ಮೂವತ್ತೊಂದು ವರ್ಷ ಕೂತವಳು ನಾನು.
ಎಷ್ಟು ದೂರ? ಎಷ್ಟು ಹೊತ್ತು?
ಮುಖ ನೋಡದೆಯೇ ಹೇಳುತ್ತಿದ್ದೆ:
ವಾಲ್ದಿವಿಯಾ, ಎರಡೂವರೆ ತಾಸು.
ಸಾಂತಿಯಾಗೊ, ಒಂದು ರಾತ್ರಿ.
ಅದರಾಚೆಗೆ ನನ್ನ ಬಳಿ ಚೀಟಿ ಇರಲಿಲ್ಲ.

ಈಗ ತೊಡೆಯ ಮೇಲೊಂದು ನೀಲಿ ಪೆಟ್ಟಿಗೆ.
ಹೊಲಿಗೆ ಯಂತ್ರದ ಮುಚ್ಚಳದಷ್ಟು.
ಒಳಗೆ, ಯಾರದೋ ಮೂಳೆಯಿಂದ ಬಸಿದು ತುಂಬಿದ ಚೀಲ,
ದಾಳಿಂಬೆ ರಸದ ಬಣ್ಣ.
ಕೊಟ್ಟವರ ಹೆಸರು ನನಗೆ ಹೇಳಿಲ್ಲ,
ಪಡೆಯುವವರದೂ.
ಎಪ್ಪತ್ತೆರಡು ತಾಸು ಜೀವ ಹಿಡಿದಿರುತ್ತದಂತೆ.
ಕ್ಷ-ಕಿರಣದ ಬಾಯಿಗೆ ಕೊಡಬಾರದು,
ತಲೆಯ ಮೇಲಿನ ಗೂಡಿಗೆ ಏರಿಸಬಾರದು,
ಶೌಚಕ್ಕೆ ಹೋದರೂ ಜೊತೆಗೇ.
ಕೆಲವರಿಗೆ ಇಂಥ ಪೆಟ್ಟಿಗೆ ಬರುವುದೇ ಇಲ್ಲ.
ನನ್ನ ತಮ್ಮ ಅಮಾದೋರ್‌ಗೆ ಬರಲಿಲ್ಲ.
ಅದು ಇಲ್ಲಿಯ ಮಾತಲ್ಲ.

ಮಂಗಳವಾರ ರಾತ್ರಿ ಹನ್ನೊಂದೂ ನಲವತ್ತಕ್ಕೆ ಎದ್ದೆವು.
ಪಕ್ಕದಲ್ಲಿ ತಾಮಾತಿ, ಕುರಿ ಉಣ್ಣೆ ಕತ್ತರಿಸುವವ,
ಮಗಯಾನೆಸ್‌ನಲ್ಲಿ ಬೆರಳು ಹೊಲಿಸಿಕೊಂಡು
ಅರ್ಧ ಹಂಗಾಮಿಗೇ ಮನೆಗೆ ಹೊರಟವ.
ತಿಂಡಿಯಾ, ಅಂತ ಪೆಟ್ಟಿಗೆ ತೋರಿಸಿ ಕೇಳಿದ.
ಹೌದು, ಅಂದೆ. ಬೇರೆಯವರದು.

ಎದುರಿನ ಪರದೆಯಲ್ಲಿ ಗೆರೆ ನೆಟ್ಟಗಿರಲಿಲ್ಲ.
ಪಡುವಣಕ್ಕೆ ಹೋಗಬೇಕಾದವರು
ತೆಂಕಣಕ್ಕೆ ಜಾರುತ್ತಿದ್ದೆವು, ಹಿಮದ ದಿಕ್ಕಿಗೆ.
ಚಾಲಕ ದಾರಿ ತಪ್ಪಿದನೇನೋ ಅಂದೆ.
ತಾಮಾತಿ ನಕ್ಕು, ಜೇಬಿನ ಕಿತ್ತಳೆ ತೆಗೆದು
ಉಗುರಿನಿಂದ ಗೀರಿದ: ನೋಡು,
ಗುಂಡಗಿರುವುದರ ಮೇಲೆ
ಬಾಗಿದ್ದೇ ಹತ್ತಿರದ ದಾರಿ.

ಒಂಬತ್ತು ಸಾವಿರದ ಆರುನೂರು ಚಿಲ್ಲರೆ ಕಿಲೋಮೀಟರು.
ನಡುವೆ ಒಂದು ಊರಿಲ್ಲ, ಒಂದು ಚಹಾದಂಗಡಿಯಿಲ್ಲ,
ಕೆಳಗೆ ನೀರು, ನೀರಿನ ಮೇಲೆ ಕತ್ತಲೆ.
ಎಡಕ್ಕೆ, ಬಹಳ ಕೆಳಗೆ, ನಸುಬಿಳಿಯ ಒಂದು ಅಂಚು.
ಮುಳುಗಿದ್ದೂ ಅಲ್ಲ, ಹುಟ್ಟಿದ್ದೂ ಅಲ್ಲ,
ಬೇಸಿಗೆಯ ಸೂರ್ಯ ಗೋಡೆಯಾಚೆ
ಅಡ್ಡಾಡುತ್ತಿದ್ದ ಹಾಗೆ.
ಎಲ್ಲರೂ ಮಲಗಿದರು. ನಾನು ಪೆಟ್ಟಿಗೆಯ ಮುಳ್ಳು ನೋಡಿದೆ.
ಐದು ಡಿಗ್ರಿ. ಮತ್ತೆ ನೋಡಿದೆ. ಐದು.
ನಾನು ಅದನ್ನು ಹೊತ್ತಿದ್ದೆ,
ಅದು ಹೊತ್ತನ್ನು.

ಇಳಿಯುವುದು ಗುರುವಾರ, ನಸುಕು ನಾಲ್ಕೂ ನಲವತ್ತಕ್ಕೆ.
ಹದಿಮೂರೇ ತಾಸು. ಬುಧವಾರ?
ಬುಧವಾರಕ್ಕೆ ಬೆಳಗೇ ಆಗಲಿಲ್ಲ.
ಕಡಲ ನಡುವೆ ಯಾರೋ ಎಳೆದ ಗೆರೆ
ಅದನ್ನು ನುಂಗಿತು, ಬೀಜ ಕೂಡ ಉಗುಳದೆ.
ನನ್ನ ಕಿಟಕಿಯಲ್ಲಿ ಇಂಥ ಚೀಟಿ ಹರಿದುಕೊಟ್ಟಿದ್ದರೆ
ಜನ ಗಾಜು ಒಡೆಯುತ್ತಿದ್ದರು.
ಪೆಟ್ಟಿಗೆಗೆ ವಾರವಿಲ್ಲ, ತಿಥಿಯಿಲ್ಲ.
ಗೆರೆ ದಾಟಿದರೂ ಅದು
ಹತ್ತೊಂಬತ್ತು, ಇಪ್ಪತ್ತು ಅಂತಲೇ ಎಣಿಸುತ್ತಿತ್ತು.

ಹಣ್ಣು ಒಳಗೆ ಬಿಡರು, ಎಂದ ತಾಮಾತಿ,
ಇಳಿಯುವ ಮುಂಚೆ ತಿಂದುಬಿಡಬೇಕು.
ಹೊಲಿಗೆ ಹಾಕಿದ ಬೆರಳನ್ನು ದೂರ ಹಿಡಿದು
ಸಿಪ್ಪೆ ಸುಲಿದ, ನಾವು ಬಂದ ದಾರಿ ಸಮೇತ.
ಅರ್ಧ ನನ್ನ ಅಂಗೈಗೆ.
ಹುಳಿ. ಬಹಳ ಹುಳಿ.

ಆಸ್ಪತ್ರೆಯ ಹಿಂಬಾಗಿಲಲ್ಲಿ ಸಿಯೊಸಾಯಾ ಎಂಬ ಆಳು
ಎರಡೂ ಕೈ ಚಾಚಿ ತಗೊಂಡ, ಎಳೆಗೂಸು ತಗೊಂಡಂತೆ.
ಮುಳ್ಳು ಓದಿದ, ಬರೆದ: ಐದೂ ಐವತ್ತೆರಡು.
ಸಹಿ ಹಾಕಿಸಿಕೊಂಡ. ಬಾಗಿಲು ತಾನಾಗಿ ಮುಚ್ಚಿತು.

ಶನಿವಾರ ಸಂಜೆ ಆರಕ್ಕೆ ಹೊರಟರೆ
ಅದೇ ಶನಿವಾರ ಮಧ್ಯಾಹ್ನ ಸಾಂತಿಯಾಗೊ ಮುಟ್ಟುತ್ತೇನಂತೆ,
ಹೊರಡುವ ಮುಂಚೆಯೇ.
ಲೆಕ್ಕ ಸರಿಯಾಯಿತು ಅನ್ನಬಹುದು.
ಆದರೆ ಬುಧವಾರ ಅಂದರೆ ಅಕ್ಕ ಲುದೊವೀನಾಳ ಮನೆ,
ಇಸ್ಪೀಟು, ಅವಳ ಮೋಸ.
ಅದಕ್ಕೆ ಬದಲು ಇನ್ನೊಂದು ಶನಿವಾರ ಏನು ಮಾಡಲಿ?

ಬೀದಿ ಬದಿಯ ಬೆಂಚಿನಲ್ಲಿ ಕೂತೆ.
ತೊಡೆಯ ಮೇಲೆ ಇನ್ನೂ ಒಂದು ಚೌಕ ತಣ್ಣಗಿತ್ತು.
ಕೈಗಳು ಅದರ ಎರಡು ಬದಿಗೆ,
ಇಟ್ಟಲ್ಲೇ.